ಒಂದೇ ಹೋಬಳಿ, ನಾಲ್ಕು ಸರ್ಕಾರಿ ಶಾಲೆ: ಮಗುವನ್ನು ಯಾವುದಕ್ಕೆ ಸೇರಿಸುವುದು?

ಕಳೆದ ವರ್ಷ ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಶಾಲೆಯ ಮಾತು ಶುರುವಾಯಿತು. ಮಗಳು ಒಂದನೇ ಕ್ಲಾಸಿಗೆ ಬಂದಿದ್ದಳು. ನಾವಿರುವುದು ಶಿವಮೊಗ್ಗ ಜಿಲ್ಲೆಯ ಮಲೆನಾಡು ಬದಿಯ ಒಂದು ಹಳ್ಳಿಯಲ್ಲಿ. ಮನೆ, ತೋಟ, ಅದರಾಚೆ ಹಳ್ಳ. ಸುತ್ತ 9 ಕಿಲೋಮೀಟರ್ ಒಳಗೆ ನಾಲ್ಕು ಸರ್ಕಾರಿ ಶಾಲೆಗಳಿವೆ. ಪೇಟೆಯ ಖಾಸಗಿ ಶಾಲೆಯ ಹಳದಿ ವ್ಯಾನು ಮನೆ ತನಕ ಬರುತ್ತದೆ. ಆದರೆ ಅದರ ಫೀಸು ನಮ್ಮ ಕೈಗೆ ಎಟುಕುವಂಥದ್ದಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ ಉಚಿತ) ಸೀಟಿನಲ್ಲಿ ಸೇರಿಸೋಣ ಅಂದರೆ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯವರು ಆ ಸೀಟು ಕೊಡಬೇಕಿಲ್ಲ. 2019ರಲ್ಲೇ ನಮ್ಮ ರಾಜ್ಯ ನಿಯಮ ಬದಲಿಸಿದೆ. ಹಾಗಾಗಿ ನಮಗೆ ಉಳಿದದ್ದು ಈ ನಾಲ್ಕೇ.

"ನಾಲ್ಕರಲ್ಲೂ ಅದೇ ಪುಸ್ತಕ, ಅದೇ ಯೂನಿಫಾರ್ಮು, ಅದೇ ಬಿಸಿಯೂಟ. ಆರಿಸೋಕೆ ಏನಿದೆ ಮಾರಾಯ್ತಿ?" ಅಂದರು ಮನೆಯವರು. ನಾನೂ ಹಾಗೇ ಅಂದುಕೊಂಡಿದ್ದೆ. ಸುಮ್ನೆ ಒಂದು ಸಲ ನೋಡಿ ಬರೋಣ ಅಂತ ಸ್ಕೂಟಿ ಹತ್ತಿದೆ. ನಾಲ್ಕು ಶಾಲೆಯಲ್ಲೂ ಅರ್ಧರ್ಧ ದಿನ ಕೂತು ಬಂದ ಮೇಲೆ ಗೊತ್ತಾಯಿತು, ಪುಸ್ತಕ ಒಂದೇ ಆದರೂ ಶಾಲೆ ಒಂದೇ ಅಲ್ಲ.

ಶಾಲೆಗಳ ಹೆಸರು ಬೇಡ. ನಾನು ಮನಸ್ಸಲ್ಲಿ ಇಟ್ಟುಕೊಂಡ ಅಡ್ಡಹೆಸರಲ್ಲೇ ಹೇಳುತ್ತೇನೆ. ನಿಮ್ಮ ಹೋಬಳಿಯಲ್ಲೂ ಹೆಚ್ಚುಕಮ್ಮಿ ಇಂಥವೇ ಇರುತ್ತವೆ.

ಹಳ್ಳದಾಚೆ ಶಾಲೆ: ಕಿರಿಯ ಪ್ರಾಥಮಿಕ, ಅಂದರೆ 1ರಿಂದ 5. ಒಟ್ಟು 14 ಮಕ್ಕಳು. ಮನೆಯಿಂದ ಒಂದು ಕಿಲೋಮೀಟರೂ ಇಲ್ಲ.

ಮಾವಿನಮರದ ಶಾಲೆ: ಹಿರಿಯ ಪ್ರಾಥಮಿಕ, 1ರಿಂದ 7. 91 ಮಕ್ಕಳು. ಮೂರೂವರೆ ಕಿಲೋಮೀಟರ್, ಟಾರು ರಸ್ತೆಯ ಬದಿ.

ಮಾದರಿ ಶಾಲೆ: ಪೇಟೆಯೊಳಗಿನ ಹಳೇ ಶಾಲೆ. ಇದೂ 1ರಿಂದ 7. ನೂರು ವರ್ಷ ದಾಟಿದೆ. ನನ್ನ ಅಪ್ಪ ಓದಿದ್ದು ಅಲ್ಲೇ. ಆಗ ಒಂದೊಂದು ಕ್ಲಾಸಲ್ಲೂ ಎರಡು ವಿಭಾಗ ಇದ್ದವಂತೆ, ಈಗ ಒಟ್ಟು ಸೇರಿ 62 ಮಕ್ಕಳು. ಇಂಗ್ಲಿಷ್–ಕನ್ನಡ ದ್ವಿಭಾಷಾ ತರಗತಿ ಶುರುವಾಗಿದೆ.

ಕೆಪಿಎಸ್: ಕರ್ನಾಟಕ ಪಬ್ಲಿಕ್ ಶಾಲೆ. ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಆವರಣ. ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. 9 ಕಿಲೋಮೀಟರ್ ದೂರ. ಊರಲ್ಲಿ ಎಲ್ಲರ ಬಾಯಲ್ಲೂ ಇದೇ ಹೆಸರು.

ಮೇಷ್ಟ್ರು ಎಷ್ಟು, ಕ್ಲಾಸು ಎಷ್ಟು

ಜನ ಮೊದಲು ನೋಡುವುದು ಕಟ್ಟಡ. ಬಣ್ಣ, ಕಂಪ್ಯೂಟರ್, ಗೇಟು. ನಾನು ಹೇಳುವುದು, ಮೊದಲು ಮೇಷ್ಟ್ರುಗಳನ್ನು ಎಣಿಸಿ. ಆಮೇಲೆ ಕ್ಲಾಸುಗಳನ್ನು ಎಣಿಸಿ. ಮಿಕ್ಕಿದ್ದೆಲ್ಲ ಆಮೇಲೆ.

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು. ಅದರ ಪ್ರಕಾರ 1ರಿಂದ 5ರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಇರಬೇಕು. 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಲೆಕ್ಕ ಹಾಕುವುದು ಮಕ್ಕಳ ತಲೆ ಎಣಿಸಿ, ಕ್ಲಾಸು ಎಣಿಸಿ ಅಲ್ಲ. ತೊಡಕು ಇರುವುದೇ ಇಲ್ಲಿ.

ಹಳ್ಳದಾಚೆ ಶಾಲೆಯನ್ನೇ ತಗೊಳ್ಳಿ. 14 ಮಕ್ಕಳಿಗೆ ಇಬ್ಬರು. ಒಬ್ಬರಿಗೆ ಏಳೇ ಮಕ್ಕಳು, ಯಾವ ದೊಡ್ಡ ಸ್ಕೂಲಲ್ಲೂ ಇಷ್ಟು ಕಮ್ಮಿ ಇರಲ್ಲ ಅಲ್ವಾ? ಆದರೆ ಕ್ಲಾಸು ಐದು. ಇಬ್ಬರೂ ಇದ್ದ ದಿನ ಹೇಗೋ ನಡೆಯುತ್ತದೆ: ಒಬ್ಬರು 1, 2, 3ನ್ನು ನಲಿ-ಕಲಿ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಾರೆ, ಇನ್ನೊಬ್ಬರು 4 ಮತ್ತು 5. ನಾನು ಹೋದ ದಿನ ಇದ್ದದ್ದು ಒಬ್ಬರೇ ಅಕ್ಕೋರು, ಅಂದರೆ ಟೀಚರು. ಇನ್ನೊಬ್ಬರು ವಾರಕ್ಕೆ ಮೂರು ದಿನ ಬೇರೆ ಶಾಲೆಗೆ ನಿಯೋಜನೆ ಮೇಲೆ. ಅಕ್ಕೋರು ಐದನೇ ಕ್ಲಾಸಿಗೆ ಭಾಗಾಕಾರ ಹಾಕಿಕೊಟ್ಟು ನಲಿ-ಕಲಿ ಕೋಣೆಗೆ ಬಂದರು. ಅಲ್ಲಿಂದ ಬಿಸಿಯೂಟದ ಲೆಕ್ಕ ಮೊಬೈಲಲ್ಲಿ ಕಳಿಸಲು ನೆಟ್‌ವರ್ಕ್ ಹುಡುಕುತ್ತ ಜಗಲಿಯ ಕೊನೆಗೆ ಹೋದರು. ವಾಪಸ್ ಬರುವಾಗ ಒಂದನೇ ಕ್ಲಾಸಿನ ಹುಡುಗನೊಬ್ಬ ಸ್ಲೇಟು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದ. ಬರೆದದ್ದು ತೋರಿಸಬೇಕಿತ್ತು ಅವನಿಗೆ. ನಾನು ಅಲ್ಲಿದ್ದ ಎರಡೂವರೆ ಗಂಟೆಯಲ್ಲಿ ಅವನ ಸ್ಲೇಟು ಒಂದೇ ಒಂದು ಸಲ ತಿದ್ದಿಸಿಕೊಂಡಿತು. ಅಕ್ಕೋರದ್ದು ತಪ್ಪು ಅನ್ನುವ ಹಾಗಿಲ್ಲ. ಅವರು ಕೂತದ್ದನ್ನೇ ನಾನು ನೋಡಲಿಲ್ಲ.

ಮಾವಿನಮರದ ಶಾಲೆಯಲ್ಲಿ ಐವರು. 1ರಿಂದ 3ರ ನಲಿ-ಕಲಿ ಕೋಣೆಗೆ ಒಬ್ಬರು, 4, 5, 6, 7ಕ್ಕೆ ಒಬ್ಬೊಬ್ಬರು. ಹೆಡ್‌ಮಾಸ್ಟರೂ ಆ ಐವರಲ್ಲೇ ಒಬ್ಬರು. ಒಬ್ಬರು ರಜೆ ಹಾಕಿದರೂ ಯಾವ ಮಗುವೂ ಬರೀ ಗೋಡೆ ನೋಡುತ್ತ ಕೂರಬೇಕಾಗಿಲ್ಲ. ನಾನು ನೋಡಿದ್ದರಲ್ಲಿ ಕ್ಲಾಸಿಗೂ ಮೇಷ್ಟ್ರಿಗೂ ತಾಳೆಯಾದದ್ದು ಇಲ್ಲಿ ಮಾತ್ರ.

ಮಾದರಿ ಶಾಲೆಯಲ್ಲಿ ಏಳು ಕ್ಲಾಸಿಗೆ ನಾಲ್ವರು, ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. ಕೆಪಿಎಸ್‌ನಲ್ಲಿ ಜನ ಜಾಸ್ತಿ. ಆದರೆ ಹೈಸ್ಕೂಲಿನವರು ಯಾರು, ಪ್ರೈಮರಿಯವರು ಯಾರು ಅಂತ ಬಿಡಿಸಿ ಕೇಳಬೇಕು. "ನಮ್ಮಲ್ಲಿ ಇಪ್ಪತ್ತೆಂಟು ಜನ ಸ್ಟಾಫು" ಅಂದಾಗ ನಾನು ಮೊದಲು ಹೌಹಾರಿದ್ದೆ. ಬಿಡಿಸಿ ನೋಡಿದರೆ 1ರಿಂದ 5ಕ್ಕೆ ಪಾಠ ಮಾಡುವವರು ಆರು ಜನ. ಅಲ್ಲಿ ಕನ್ನಡ ವಿಭಾಗ, ಇಂಗ್ಲಿಷ್ ವಿಭಾಗ ಎರಡೂ ಇವೆ.

ಆಫೀಸು ಕೋಣೆಯಲ್ಲಿ ಕೇಳಬೇಕಾದ್ದು ಇಷ್ಟು: ಮಂಜೂರಾದ ಹುದ್ದೆ ಎಷ್ಟು? ಅದರಲ್ಲಿ ತುಂಬಿರುವುದು ಎಷ್ಟು? ನಿಯೋಜನೆ ಮೇಲೆ ಹೊರಗಿರುವವರು ಯಾರಾದರೂ ಇದ್ದಾರಾ? ಅತಿಥಿ ಶಿಕ್ಷಕರು ಎಷ್ಟು? ನಲಿ-ಕಲಿ ಅಕ್ಕೋರು ಈ ಶಾಲೆಗೆ ಬಂದು ಎಷ್ಟು ವರ್ಷವಾಯಿತು? ಅತಿಥಿ ಶಿಕ್ಷಕರಲ್ಲಿ ತುಂಬ ಚೆನ್ನಾಗಿ ಪಾಠ ಮಾಡುವವರನ್ನು ನೋಡಿದ್ದೇನೆ. ಆದರೆ ಈ ವರ್ಷ ಇದ್ದವರು ಮುಂದಿನ ವರ್ಷ ಇರುತ್ತಾರೆ ಅನ್ನುವ ಹಾಗಿಲ್ಲ. ಜೂನಿನಲ್ಲಿ ಶಾಲೆ ಶುರುವಾದ ದಿನವೇ ಇರುತ್ತಾರೆ ಅಂತಲೂ ಇಲ್ಲ.

ನಲಿ-ಕಲಿ ಕೋಣೆಯಲ್ಲಿ ಒಂದು ಗಂಟೆ

ಒಂದನೇ ಕ್ಲಾಸಿಗೆ ಸೇರಿಸುವವರು ನಿಜವಾಗಿ ಹೋಲಿಸಬೇಕಾದದ್ದು ಈ ಕೋಣೆಯನ್ನು. ಮಗು ಮೊದಲ ಮೂರು ವರ್ಷ ಕಳೆಯುವುದು ಇಲ್ಲೇ. ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದ ನಮ್ಮದೇ ಮೇಷ್ಟ್ರುಗಳು ಯುನಿಸೆಫ್ ನೆರವಿನಲ್ಲಿ ಕಟ್ಟಿದ ಕ್ರಮ ಅದು. 2009-10ರಿಂದ ರಾಜ್ಯಕ್ಕೆಲ್ಲ ಬಂತು. ಮೂರೂ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವಿಗೂ ತಾನು ಏರಬೇಕಾದ ಕಲಿಕೆಯ ಏಣಿ ಇರುತ್ತದೆ, ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾರ್ಡು.

"ಮೂರು ಕ್ಲಾಸು ಒಟ್ಟಿಗೆ ಕೂರಿಸಿದರೆ ಏನು ಕಲಿಯುತ್ತವೆ?" ಅಂತ ಮೂಗು ಮುರಿಯುವವರೇ ಜಾಸ್ತಿ. ಪದ್ಧತಿಯಲ್ಲಿ ತಪ್ಪಿಲ್ಲ. ಅದು ನಡೆಯುತ್ತಿದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ. ನೋಡಿದರೆ ಐದೇ ನಿಮಿಷದಲ್ಲಿ ತಿಳಿಯುತ್ತದೆ.

ಮಾವಿನಮರದ ಶಾಲೆಯಲ್ಲಿ ಕಾರ್ಡುಗಳ ಅಂಚು ಸವೆದು ನಾರು ಎದ್ದಿತ್ತು. ಮಕ್ಕಳು ಅಕ್ಕೋರನ್ನು ಕೇಳದೆ ತಾವೇ ಎದ್ದು ಹೋಗಿ ತಮ್ಮ ಕಾರ್ಡು ಹುಡುಕಿ ತಂದರು. ತಂದವರು ತಮ್ಮ ಗುಂಪಿನ ಗುರುತಿನ ತಟ್ಟೆಯ ಸುತ್ತ ಕೂತರು. ಒಂದು ಗುಂಪಿನಲ್ಲಿ ಅಕ್ಕೋರು, ಇನ್ನೊಂದರಲ್ಲಿ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಒಂದನೇ ಕ್ಲಾಸಿನವನಿಗೆ 'ರ', 'ಗ' ಹೇಳಿಕೊಡುತ್ತಿದ್ದಳು. "ಹಂಗಲ್ಲ ಕಣೋ, ಹೊಟ್ಟೆ ಹಿಂಗೆ ಬರ್ಬೇಕು" ಅಂತ ಅವನ ಕೈ ಹಿಡಿದು ತಿದ್ದಿಸಿದಳು. ನೆಲದಿಂದ ಎರಡಡಿ ಎತ್ತರದ ಕಪ್ಪುಹಲಗೆ ತುಂಬ ಮಕ್ಕಳದೇ ಬರಹ. ಮೇಲೆ ಹಗ್ಗದ ಚಪ್ಪರದಲ್ಲಿ ಚಿತ್ರಗಳು ತೂಗುತ್ತಿದ್ದವು, ಅದರಲ್ಲಿ ಹಿಂದಿನ ವಾರದ ತಾರೀಖು ಇದ್ದದ್ದನ್ನು ನಾನು ಕತ್ತೆತ್ತಿ ಓದಿದೆ.

ಇನ್ನೊಂದು ಶಾಲೆಯಲ್ಲಿ ಕಾರ್ಡುಗಳು ಹೊಚ್ಚಹೊಸದಾಗಿ, ಕಟ್ಟು ಬಿಚ್ಚದೆ, ಕಪಾಟಿನ ಮೇಲೆ ಇದ್ದವು. ಮೇಷ್ಟ್ರು ಹಲಗೆ ಮೇಲೆ ಬರೆದರು, ಮೂರು ಕ್ಲಾಸಿನವರೂ ಒಟ್ಟಿಗೆ ನಕಲು ಮಾಡಿದರು. ಯಾವ ಶಾಲೆ ಅಂತ ಹೇಳುವುದಿಲ್ಲ. ಕಟ್ಟಡ ಮಾತ್ರ ನಾಲ್ಕರಲ್ಲಿ ಎಲ್ಲಕ್ಕಿಂತ ಚೆಂದ.

ಮೂರನೇ ಕ್ಲಾಸಿನ ಮಗು ಓದಲಿ

ಸರ್ಕಾರಿ ಪ್ರೈಮರಿ ಶಾಲೆಗೆ ಎಸ್‌ಎಸ್‌ಎಲ್‌ಸಿ ಥರ ಫಲಿತಾಂಶ ಇಲ್ಲ. ಹಾಗಾಗಿ ಹೋಲಿಸಲು ಅಂಕೆ ಸಿಗುವುದಿಲ್ಲ. ಆದರೆ ಒಂದು ಸುಲಭದ ದಾರಿ ಇದೆ. 'ಅಸರ್' ಅಂತ ಒಂದು ಸಮೀಕ್ಷೆ 2005ರಿಂದ ನಡೆಯುತ್ತಿದೆ. ಅವರು ಮನೆಮನೆಗೆ ಹೋಗಿ ಮಕ್ಕಳ ಕೈಗೆ ಒಂದು ಹಾಳೆ ಕೊಡುತ್ತಾರೆ: ಅಕ್ಷರ, ಪದ, ಸಣ್ಣ ಪ್ಯಾರಾ, ಎರಡನೇ ಕ್ಲಾಸು ಮಟ್ಟದ ಕತೆ. ಮಗು ಎಲ್ಲಿ ತನಕ ಓದಿತು ಅನ್ನುವುದೇ ಫಲಿತಾಂಶ. ಲೆಕ್ಕಕ್ಕೆ ದಶಕ ಸಾಲ ತಗೊಳ್ಳುವ ಕಳೆಯುವ ಲೆಕ್ಕ, ಆಮೇಲೆ ಭಾಗಾಕಾರ.

ಅದನ್ನೇ ನಾನು ಕದ್ದೆ. ಹೆಡ್‌ಮಾಸ್ಟರ ಹತ್ತಿರ ಕೇಳಿಯೇ ಮಾಡಿದೆ, ಕೇಳದೆ ಮಾಡಬೇಡಿ. ಎರಡನೇ ಕ್ಲಾಸಿನ ಪುಸ್ತಕದ ಕೊನೆಯ ಪಾಠದ ಒಂದು ಪುಟ ತೆರೆದು ಮೂರನೇ ಕ್ಲಾಸಿನ ಮಕ್ಕಳಿಗೆ ಓದಲು ಹೇಳಿದೆ. ಮುಂದಿನ ಬೆಂಚಿನವರನ್ನಲ್ಲ, ಹಿಂದೆ ಸುಮ್ನೆ ಕೂತವರನ್ನು ಕರೆದೆ. ಮುಂದಿನವರು ಎಲ್ಲ ಶಾಲೆಯಲ್ಲೂ ಓದುತ್ತಾರೆ. ಆಮೇಲೆ 43ರಲ್ಲಿ 17 ಕಳೆಯಿರಿ ಅಂದೆ. ಅಷ್ಟೇ.

ಹಳ್ಳದಾಚೆ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಇದ್ದದ್ದೇ ಮೂರು ಮಕ್ಕಳು. ಇಬ್ಬರು ಓದಿದರು. ಮಾವಿನಮರದಲ್ಲಿ ಹಿಂದೆ ಕೂತ ಐವರಲ್ಲಿ ನಾಲ್ವರು ಓದಿದರು. ಐದನೆಯವನು ಪದ ಪದ ಬಿಡಿಸಿ ಓದಿದ. ಅಕ್ಕೋರು ನಾನು ಕೇಳುವ ಮೊದಲೇ "ಇವನು ಒತ್ತಕ್ಷರದಲ್ಲಿ ನಿಲ್ತಾನೆ, ಅಜ್ಜಿಮನೆಲಿ ಇದ್ದು ಈ ವರ್ಷ ಬಂದವನು" ಅಂದರು. ನನಗೆ ಶಾಲೆ ಹಿಡಿಸಿದ್ದು ಆ ಮಾತಿಗೆ. ತಡವರಿಸುವ ಮಗು ಎಲ್ಲ ಕಡೆ ಇರುತ್ತದೆ. ಎಲ್ಲಿ ತಡವರಿಸುತ್ತದೆ ಅಂತ ಕೇಳದೇ ಹೇಳುವ ಅಕ್ಕೋರು ಎಲ್ಲ ಕಡೆ ಇರುವುದಿಲ್ಲ.

ಇಂಗ್ಲಿಷ್ ಅನ್ನುವ ದೊಡ್ಡ ಬೋರ್ಡು

ಕೆಪಿಎಸ್‌ಗೆ ನೂಕುನುಗ್ಗಲು ಇರುವುದೇ ಇದಕ್ಕೆ. ಮೊದಲು ಒಂದು ವಿಷಯ ತಿಳಿದಿರಲಿ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲೂ 2007-08ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. 2019-20ರಲ್ಲಿ ಸರ್ಕಾರ ಸಾವಿರ ಶಾಲೆಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. 2024-25ರ ಬಜೆಟ್‌ನಲ್ಲಿ ಇನ್ನೂ ಎರಡು ಸಾವಿರ ಶಾಲೆಗಳನ್ನು ದ್ವಿಭಾಷಾ ಮಾಡುವ ಘೋಷಣೆ ಬಂತು. ದ್ವಿಭಾಷಾ ಅಂದರೆ ಗಣಿತ, ಪರಿಸರದಂಥ ಪುಸ್ತಕದಲ್ಲಿ ಒಂದು ಪುಟ ಇಂಗ್ಲಿಷ್, ಎದುರು ಪುಟ ಕನ್ನಡ. ನಿಜ ಹೇಳಬೇಕಂದರೆ ಆ ಪುಸ್ತಕ ನನಗೆ ಇಷ್ಟವಾಯಿತು. ಮನೆಯಲ್ಲಿ ನಾವೂ ಓದಿಸಬಹುದು.

ಬೋರ್ಡು ಬದಲಾದರೂ ಕ್ಲಾಸಿನಲ್ಲಿ ನಿಲ್ಲುವ ಮೇಷ್ಟ್ರು ಬಹಳ ಕಡೆ ಅವರೇ. ಇದ್ದವರಿಗೇ ತರಬೇತಿ ಕೊಟ್ಟು ಇಂಗ್ಲಿಷ್ ವಿಭಾಗಕ್ಕೆ ಹಾಕಿರುತ್ತಾರೆ. ಕೆಲವರು ಚೆನ್ನಾಗಿ ಹೊಂದಿಕೊಂಡಿದ್ದಾರೆ, ಕೆಲವರಿಗೆ ಕಷ್ಟ. ನಾನು ಕೂತ ಒಂದು ಇಂಗ್ಲಿಷ್ ಕ್ಲಾಸಿನಲ್ಲಿ 40 ಮಕ್ಕಳಿದ್ದರು. ಮಗುವೊಂದು ಪುಸ್ತಕ ಹಿಡಿದು ಗಡಗಡ ಓದಿತು. ಚಿತ್ರದ ಮೇಲೆ ಕೈ ಇಟ್ಟು ಮುಚ್ಚಿದೆ. ಓದು ನಿಂತಿತು. ಬಾಯಿಪಾಠ! ಪಕ್ಕದ ಕನ್ನಡ ವಿಭಾಗದಲ್ಲಿ 19 ಮಕ್ಕಳು, ಅಲ್ಲಿನ ಅಕ್ಕೋರು ನೆಲದ ಮೇಲೆ ಮಕ್ಕಳ ಜೊತೆ ಕೂತು ಹುಣಸೆಬೀಜದಲ್ಲಿ ಲೆಕ್ಕ ಮಾಡಿಸುತ್ತಿದ್ದರು. ಒಂದೇ ಆವರಣ, ಮಧ್ಯೆ ಒಂದು ಗೋಡೆ. ಕೆಪಿಎಸ್‌ಗೆ ಹೋದರೂ ಯಾವ ವಿಭಾಗ ಅಂತ ಬೇರೆಯಾಗಿ ಯೋಚಿಸಬೇಕು.

ಹಾಗಂತ ಇಂಗ್ಲಿಷ್ ವಿಭಾಗ ಬೇಡ ಅನ್ನುತ್ತಿಲ್ಲ. ಯಾವ ಮಾಧ್ಯಮ ಅನ್ನುವುದು ತಂದೆತಾಯಿಗೆ ಬಿಟ್ಟದ್ದು ಅಂತ ಸುಪ್ರೀಂ ಕೋರ್ಟು 2014ರಲ್ಲಿ ಕರ್ನಾಟಕದ್ದೇ ಕೇಸಿನಲ್ಲಿ ಹೇಳಿದೆ. ಆದರೆ ಆರಿಸುವ ಮುಂಚೆ ಒಂದು ಲೆಕ್ಕ ಗೊತ್ತಿರಲಿ. ಇದನ್ನು ನಾಲ್ಕು ಶಾಲೆಯಲ್ಲಿ ಒಬ್ಬರೂ ತಾವಾಗಿ ಹೇಳಲಿಲ್ಲ.

ಮುಂದೆ ಸಿಇಟಿಯಲ್ಲಿ (ಇಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ) ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್, ಗ್ರಾಮೀಣದವರಿಗೆ 15 ಪರ್ಸೆಂಟ್ ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೇ ಕ್ಲಾಸು ಪೂರ್ತಿ ಹತ್ತು ವರ್ಷ ಓದಿರಬೇಕು. ಮೊದಲನೆಯದಕ್ಕೆ ಕನ್ನಡ ಮಾಧ್ಯಮದಲ್ಲಿ, ಎರಡನೆಯದಕ್ಕೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ. ಇಲ್ಲಿ ನೋಡುವುದು ಮನೆ ಎಲ್ಲಿದೆ ಅಂತ ಅಲ್ಲ, ಶಾಲೆ ಎಲ್ಲಿದೆ ಅಂತ. ನಮ್ಮ ಪೇಟೆ ಪಟ್ಟಣ ಪಂಚಾಯಿತಿಗೆ ಸೇರಿದ್ದು. ಹಾಗಾಗಿ ಅಲ್ಲಿ ಒಂದೇ ವರ್ಷ ಓದಿದರೂ ಗ್ರಾಮೀಣ ಮೀಸಲಾತಿ ಹೋದಂತೆ. ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಯಲ್ಲೂ ಹೀಗೇ. ಆರನೇ ಕ್ಲಾಸಿಗೆ ನಡೆಯುವ ಪರೀಕ್ಷೆಯಲ್ಲಿ ಕನಿಷ್ಠ 75 ಪರ್ಸೆಂಟ್ ಸೀಟು ಗ್ರಾಮೀಣ ಮಕ್ಕಳಿಗೆ. ಅದಕ್ಕೆ 3, 4, 5ನೇ ಕ್ಲಾಸು ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಆರು ವರ್ಷದ ಮಗುವಿಗೆ ಸಿಇಟಿ ಯೋಚನೆಯಾ ಅಂತ ನಗಬಹುದು. ನಮ್ಮ ಓಣಿಯ ಒಬ್ಬ ಹುಡುಗನಿಗೆ ನಾಲ್ಕನೇ ಕ್ಲಾಸು ಒಂದೇ ವರ್ಷ ಪೇಟೆಯಲ್ಲಿ ಓದಿದ್ದಕ್ಕೆ ಗ್ರಾಮೀಣ ಕೋಟಾ ಸಿಗಲಿಲ್ಲ. ಆಮೇಲೆ ಯಾರಿಗೂ ನಗು ಬರಲಿಲ್ಲ.

ದೂರವನ್ನು ಜುಲೈನಲ್ಲಿ ಅಳೆಯಿರಿ

ನಿಯಮದ ಪ್ರಕಾರ 1ರಿಂದ 5ಕ್ಕೆ ಒಂದು ಕಿಲೋಮೀಟರ್ ಒಳಗೆ, 6ರಿಂದ 8ಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಬಯಲುಸೀಮೆಯಲ್ಲಿ ಇದು ಸರಿ. ಮಲೆನಾಡಲ್ಲಿ ಕಿಲೋಮೀಟರಿಗೆ ಅರ್ಥವೇ ಬೇರೆ. ಹಳ್ಳದಾಚೆ ಶಾಲೆ ಬೇಸಿಗೆಯಲ್ಲಿ ಹನ್ನೆರಡು ನಿಮಿಷದ ನಡಿಗೆ. ಮಳೆಗಾಲದಲ್ಲಿ ಮಧ್ಯೆ ಒಂದು ಕಾಲುಸಂಕ. ನಾಲ್ಕು ಅಡಿಕೆಮರ ಜೋಡಿಸಿ ಕಟ್ಟಿದ್ದು, ಹಿಡಿಯಲು ಒಂದು ಬಿದಿರಿನ ಗಳ. ಜಡಿಮಳೆ ಹಿಡಿದರೆ ನೀರು ಸಂಕದ ಅಡಿಗೆ ತಾಗುತ್ತದೆ. ಸುತ್ತಿ ಹೋದರೆ ಐದು ಕಿಲೋಮೀಟರ್. ಅಂದರೆ ಹತ್ತಿರದ ಶಾಲೆ ಎರಡು ತಿಂಗಳು ದೂರದ ಶಾಲೆಯಾಗುತ್ತದೆ.

ಮಾವಿನಮರದ ಶಾಲೆಗೆ ಬೆಳಿಗ್ಗೆ ಬಸ್ಸಿದೆ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದಿರುವುದರಿಂದ ಮಗಳಿಗೂ ಟಿಕೆಟ್ ಇಲ್ಲ, ಬಿಡಲು ಹೋಗುವ ನನಗೂ ಇಲ್ಲ. ಮಗನಾಗಿದ್ದರೆ ಪಾಸು ಮಾಡಿಸಬೇಕು. ಬಸ್ಸು ಸಂಜೆ ನಾಲ್ಕೂವರೆಗೆ ವಾಪಸ್. ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಮಾತ್ರ ಬಸ್ಸಿಲ್ಲ, ಅದನ್ನು ಮೊದಲೇ ಕೇಳಿಕೊಳ್ಳದೆ ಎರಡು ಶನಿವಾರ ಪರದಾಡಿದೆವು. ಕೆಪಿಎಸ್‌ಗೆ ಹೋಗುವ ಮಕ್ಕಳು ಒಂದೇ ಆಟೋದಲ್ಲಿ ಹನ್ನೊಂದು ಜನ. ಏಳೂಮುಕ್ಕಾಲಿಗೆ ಹೊರಟರೆ ಮನೆ ಸೇರುವುದು ಐದೂವರೆಗೆ. ಹೈಸ್ಕೂಲಿನವರಿಗೆ ಸರಿ. ಒಂದನೇ ಕ್ಲಾಸಿನ ಮಗು ಆಟೋದಲ್ಲೇ ನಿದ್ದೆ ಹೋಗುತ್ತದೆ.

ಊಟ, ಶೌಚಾಲಯ, ಮತ್ತು ಅಡುಗೆಯ ಅಕ್ಕ

ಊಟದಲ್ಲಿ ಹೋಲಿಸಲು ಜಾಸ್ತಿ ಇಲ್ಲ. ಅಕ್ಷರ ದಾಸೋಹ 2002ರಲ್ಲಿ ಶುರುವಾದದ್ದು, ಕ್ಷೀರಭಾಗ್ಯ 2013ರಿಂದ, ಈಗ ಮೊಟ್ಟೆ, ಬಾಳೆಹಣ್ಣು, ರಾಗಿ ಮಾಲ್ಟೂ ಸೇರಿವೆ. ನಾಲ್ಕೂ ಕಡೆ ಅನ್ನ, ಸಾಂಬಾರು ಬಿಸಿಯಾಗೇ ಇತ್ತು. ಚಿಕ್ಕ ಶಾಲೆಯಲ್ಲಿ ರುಚಿ ಒಂದು ಕೈ ಮೇಲೆ, ಹದಿನಾಲ್ಕು ಜನರ ಸಾಂಬಾರು ಮನೆ ಸಾಂಬಾರಿನ ಹಾಗೇ ಇರುತ್ತದೆ.

ಶೌಚಾಲಯ ಇದೆಯಾ ಅಂತ ಕೇಳಬೇಡಿ, ಎಲ್ಲರೂ ಇದೆ ಅನ್ನುತ್ತಾರೆ. ಬೀಗದ ಕೈ ಯಾರ ಹತ್ತಿರ ಅಂತ ಕೇಳಿ. ಒಂದು ಕಡೆ ಆಫೀಸಿನ ಮೊಳೆಗೆ ನೇತುಹಾಕಿದ್ದರು. ಆರು ವರ್ಷದ ಹುಡುಗಿ ಆಫೀಸಿಗೆ ಹೋಗಿ ಕೈ ಕೇಳುತ್ತದಾ? ಸಂಜೆ ತನಕ ತಡೆದುಕೊಂಡು ಕೂರುತ್ತದೆ. ಒಳಗೆ ಬಕೆಟಿನಲ್ಲಿ ನೀರಿದೆಯಾ ಅಂತಲೂ ಇಣುಕಿ.

ಅಡುಗೆಯ ಅಕ್ಕನ ಹತ್ತಿರ ಹತ್ತು ನಿಮಿಷ ಕೂತು ಬನ್ನಿ. ಶಾಲೆಗೆ ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾರು ಮಕ್ಕಳ ಜೊತೆ ಕೂತು ಉಣ್ಣುತ್ತಾರೆ, ಯಾವ ಮೇಷ್ಟ್ರು ಕಂಡರೆ ಮಕ್ಕಳು ಓಡಿ ಬರುತ್ತವೆ, ಎಲ್ಲ ಅವರಿಗೆ ಗೊತ್ತು. ನಾನು ಏನೂ ಕೇಳಲಿಲ್ಲ. ಬೀನ್ಸ್ ನಾರು ತೆಗೆಯುತ್ತ ಕೂತೆ, ಅಷ್ಟೆ.

ಕಾಗದ ಮತ್ತು ಸಮಿತಿ

ಹೋಗುವ ಮೊದಲು ಶಾಲೆಗಳ ಸರ್ಕಾರಿ ಅಂಕಿಅಂಶ ಇರುವ ಯು-ಡೈಸ್ ಪ್ಲಸ್ ವೆಬ್‌ಸೈಟಿನಲ್ಲಿ ಶಾಲೆಯನ್ನು ಹುಡುಕಿ. ಪ್ರತಿ ಶಾಲೆಗೂ 11 ಅಂಕಿಯ ಕೋಡ್ ಇರುತ್ತದೆ, ನಮ್ಮ ರಾಜ್ಯದ್ದು 29ರಿಂದ ಶುರು. ಮಕ್ಕಳು, ಶಿಕ್ಷಕರು, ಕೊಠಡಿ ಎಲ್ಲ ಅಲ್ಲಿ ಸಿಗುತ್ತದೆ. ದಾಖಲಾತಿ ಮೂರ್ನಾಲ್ಕು ವರ್ಷದಿಂದ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು ಮುಖ್ಯ. ಮಾದರಿ ಶಾಲೆಯದ್ದು ಇಳಿಯುತ್ತಲೇ ಇತ್ತು. ಮಕ್ಕಳು ಕಮ್ಮಿಯಾದರೆ ಹೆಚ್ಚುವರಿ ಅಂತ ಶಿಕ್ಷಕರನ್ನು ಬೇರೆ ಕಡೆ ಕಳಿಸುತ್ತಾರೆ. ಶಿಕ್ಷಕರು ಹೋದರೆ ಮಕ್ಕಳು ಇನ್ನೂ ಕಮ್ಮಿ. ನಿಯೋಜನೆಯ ಸಂಗತಿ ಮಾತ್ರ ಆ ಹಾಳೆಯಲ್ಲಿ ಕಾಣುವುದಿಲ್ಲ, ಅದಕ್ಕೆ ಹೋಗಿಯೇ ನೋಡಬೇಕು.

ಎಸ್‌ಡಿಎಂಸಿಯಲ್ಲಿ (ಶಾಲೆಯ ಉಸ್ತುವಾರಿ ಸಮಿತಿ) ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರು. ಹಿಂದಿನ ಸಭೆ ಯಾವಾಗ ಆಯಿತು ಅಂತ ಅಧ್ಯಕ್ಷರನ್ನು ಕೇಳಿ. "ಆಗಸ್ಟ್ 15ಕ್ಕೆ ಸೇರಿದ್ವಿ" ಅಂದರೆ ಅರ್ಥ ಮಾಡಿಕೊಳ್ಳಿ. ಕೆಲವು ಕಡೆ ಎಲ್‌ಕೆಜಿ, ಯುಕೆಜಿಗೆ ದೇಣಿಗೆ ಕೇಳುವುದೂ ಉಂಟು. ಎಷ್ಟು, ಯಾತಕ್ಕೆ, ರಸೀದಿ ಕೊಡುತ್ತೀರಾ ಅಂತ ಮೊದಲೇ ಕೇಳಿಬಿಡಿ. ಒಂದನೇ ಕ್ಲಾಸಿನಿಂದ ಎಂಟರ ತನಕ ಸರ್ಕಾರಿ ಶಾಲೆಯಲ್ಲಿ ಫೀಸು ಇಲ್ಲ, ಮಗುವಿಗೆ ಪರೀಕ್ಷೆ ಮಾಡಿ ಆರಿಸುವಂತೆಯೂ ಇಲ್ಲ. ಜನನ ಪತ್ರ ಸಿಕ್ಕಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ.

ನೋಡಲು ಹೋಗುವುದಿದ್ದರೆ ಸೋಮವಾರ ಹೋಗಿ, ಮಳೆ ಬಂದ ಸೋಮವಾರವಾದರೆ ಇನ್ನೂ ಒಳ್ಳೆಯದು. ಯಾರು ಬರುತ್ತಾರೆ, ಎಲ್ಲಿ ಸೋರುತ್ತದೆ, ಎರಡೂ ಕಾಣುತ್ತದೆ. ಪ್ರತಿಭಾ ಕಾರಂಜಿ, ಶಾಲಾ ವಾರ್ಷಿಕೋತ್ಸವದ ದಿನ ಎಲ್ಲ ಶಾಲೆಯೂ ಚೆಂದ.

ಯಾರಿಗೆ ಯಾವುದು

ನಾವು ಮಗಳನ್ನು ಮಾವಿನಮರದ ಶಾಲೆಗೆ ಸೇರಿಸಿದೆವು. ಮುಖ್ಯ ಕಾರಣ ಐದು ಮೇಷ್ಟ್ರು ಮತ್ತು ಆ ನಲಿ-ಕಲಿ ಕೋಣೆ. ಏಳರ ತನಕ ಮತ್ತೆ ಶಾಲೆ ಬದಲಿಸುವ ತಲೆಬಿಸಿ ಇಲ್ಲ ಅನ್ನುವುದೂ ಸೇರಿಕೊಂಡಿತು. ಹಳ್ಳದಾಚೆ ಶಾಲೆಯಾಗಿದ್ದರೆ ಐದಾದ ಮೇಲೆ ಹುಡುಕಬೇಕಿತ್ತು.

ಆದರೆ ನನ್ನ ನಾದಿನಿಗೆ ನಾನು ಹೇಳಿದ್ದು ಕೆಪಿಎಸ್. ಅವಳ ಮನೆ ಪೇಟೆಯಲ್ಲೇ, ಶಾಲೆಗೆ ನಾಲ್ಕು ನಿಮಿಷ. ದೊಡ್ಡ ಮಗ ಅಲ್ಲೇ ಎಂಟನೇ ಕ್ಲಾಸು, ಚಿಕ್ಕವನು ಅಣ್ಣನ ಜೊತೆ ಹೋಗಿ ಬರುತ್ತಾನೆ. ಆಟೋ ಇಲ್ಲ, ಪಿಯು ತನಕ ಚಿಂತೆ ಇಲ್ಲ. ಅವಳು ಹಾಕಿದ್ದು ಕನ್ನಡ ವಿಭಾಗಕ್ಕೆ, ಆ ಹುಣಸೆಬೀಜದ ಅಕ್ಕೋರ ಹತ್ತಿರ. ಅತ್ತೆ ಮಾತ್ರ ಇನ್ನೂ ಮುನಿಸಿಕೊಂಡಿದ್ದಾರೆ, ಇಂಗ್ಲಿಷ್ ಸೀಟು ಸಿಕ್ಕಿಯೂ ಬಿಟ್ಟಿರಲ್ಲ ಅಂತ.

ಸೇರಿಸಿದ ಮೇಲೆ ಮನಸ್ಸು ಬದಲಾದರೆ ಹೆದರಬೇಕಿಲ್ಲ. ಒಂದು ಸರ್ಕಾರಿ ಶಾಲೆಯಿಂದ ಇನ್ನೊಂದಕ್ಕೆ ಹೋಗುವುದು ಮಗುವಿನ ಹಕ್ಕು. ಟಿಸಿಯನ್ನು ಹೆಡ್‌ಮಾಸ್ಟರು ಕೂಡಲೇ ಕೊಡಬೇಕು. ಟಿಸಿ ತಡವಾಯಿತು ಅಂತ ಹೊಸ ಶಾಲೆ ಸೇರಿಸಿಕೊಳ್ಳದೇ ಇರುವ ಹಾಗೂ ಇಲ್ಲ. ಮೇಷ್ಟ್ರಿಗೆ ವರ್ಗಾವಣೆ ಆದರೆ ಶಾಲೆಯೇ ಬದಲಾದಂತೆ, ಆದ್ದರಿಂದ ನಾನು ಮೇಲೆ ಬರೆದದ್ದು ಹಿಂದಿನ ವರ್ಷದ ಲೆಕ್ಕ.

ಮೊನ್ನೆ ಪಕ್ಕದ ಮನೆಯ ಹುಡುಗಿ ಬಂದಿದ್ದಳು, ಅವಳ ಮಗನಿಗೂ ಈಗ ಶಾಲೆ ಹುಡುಕಬೇಕು. "ಅಕ್ಕಾ, ನೀವು ಹಳ್ಳದಾಚೆ ಶಾಲೆ ಬಿಟ್ಟಿದ್ದು ಯಾಕೆ? ನಾನೂ ಮಾವಿನಮರಕ್ಕೇ ಹಾಕ್ಲಾ?" ಅಂತ ಕೇಳಿದಳು. ಹಳ್ಳದಾಚೆ ಶಾಲೆಯ ಇನ್ನೊಬ್ಬರು ಅಕ್ಕೋರ ನಿಯೋಜನೆ ಈ ವರ್ಷ ರದ್ದಾಗಿದೆಯಂತೆ. ಈಗ ವಾರವಿಡೀ ಇಬ್ಬರೂ ಇರುತ್ತಾರೆ. ಪಂಚಾಯಿತಿಯವರು ಸಂಕದ ಜಾಗದಲ್ಲಿ ಸಿಮೆಂಟಿನ ಕಂಬ ಎಬ್ಬಿಸಿದ್ದನ್ನೂ ನೋಡಿದೆ, ಹಲಗೆ ಇನ್ನೂ ಬಿದ್ದಿಲ್ಲ. ನನ್ನ ಮಾತು ಕೇಳಬೇಡ, ಸೋಮವಾರ ಹೋಗಿ ನೀನೇ ಕೂತು ಬಾ ಅಂದೆ. ಕೊಡೆ ಇಲ್ಲ ಅಂದಳು. ನಮ್ಮದೇ ಕೊಟ್ಟು ಕಳಿಸಿದೆ.